ಪ್ರಾಜೆಕ್ಟ್ ಕೊಳ್ಳುವ ಮುನ್ನ ಒಂದು ಲೇತ್ ಅಂಗಡಿಗೆ ಹೋಗಿ ಬನ್ನಿ

ಏಳನೇ ಸೆಮಿಸ್ಟರ್ ಹತ್ತಿರ ಬಂತೆಂದರೆ ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಕೇಳಿಬರುವ ಪ್ರಶ್ನೆ, 'ಪ್ರಾಜೆಕ್ಟ್ ಎಲ್ಲಿಂದ ತರೋಣ?' ಎಂದು. 'ಏನು ಮಾಡೋಣ' ಎಂದು ಕೇಳುವವರು ಕಡಿಮೆ. ನನಗೆ ಗೊತ್ತಿರುವ ನಾಲ್ವರು ಸೀನಿಯರ್‌ಗಳು ತಲಾ ಆರು ಸಾವಿರ ಹಾಕಿ ರೆಡಿಮೇಡ್ ಪ್ರಾಜೆಕ್ಟ್ ತಂದರು. ವರದಿ, ಪಿಪಿಟಿ ಎಲ್ಲವೂ ಅದರ ಜೊತೆಗೇ ಬಂದವು. ಅಂಕಗಳೂ ಚೆನ್ನಾಗಿಯೇ ಬಿದ್ದವು. ಆದರೆ ಅವರಲ್ಲೊಬ್ಬರಿಗೆ ಕೆಲಸದ ಸಂದರ್ಶನದಲ್ಲಿ, 'ನಿಮ್ಮ ಪ್ರಾಜೆಕ್ಟ್‌ನ ಮೋಟಾರು ಸ್ಟಾರ್‌ನಲ್ಲಿತ್ತೋ ಡೆಲ್ಟಾದಲ್ಲೋ, ಯಾಕೆ?' ಎಂದು ಕೇಳಿದಾಗ ಮಾತೇ ಹೊರಡಲಿಲ್ಲವಂತೆ. ಅವರನ್ನು ಹಂಗಿಸಲು ಇದನ್ನು ಹೇಳುತ್ತಿಲ್ಲ. ಕಳೆದ ಬೇಸಿಗೆ ರಜೆಯವರೆಗೆ ನನ್ನನ್ನು ಕೇಳಿದ್ದರೂ ನಾನೂ ಹಾಗೆಯೇ ಕೂರುತ್ತಿದ್ದೆ. ನಾನು ಓದುತ್ತಿರುವುದು ಎಲೆಕ್ಟ್ರಿಕಲ್!

ನಮ್ಮ ಮನೆ ದಾಂಡೇಲಿಯ ಬಂಗೂರನಗರದಲ್ಲಿ. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನಿಂದಾಗಿ ಬೆಳೆದ ಬಡಾವಣೆ ಇದು. ಮೋಟಾರು, ಬೇರಿಂಗು, ಶಾಫ್ಟು ಎಂಬ ಮಾತುಗಳನ್ನು ನಾವು ಶಾಲೆಗೆ ಹೋಗುವ ಮೊದಲೇ ಕೇಳಿರುತ್ತೇವೆ. ನನ್ನ ಕಾಕಾನದು ಊರಲ್ಲೊಂದು ಸಣ್ಣ ಲೇತ್ ಅಂಗಡಿ. ಕಬ್ಬಿನ ಟ್ರ್ಯಾಕ್ಟರ್‌ಗಳ ಪಿನ್ನು, ಪಂಪಿನ ಶಾಫ್ಟು, ಬುಷ್ಷು ಅವರ ನಿತ್ಯದ ಕೆಲಸ. ಲೇತ್ ಹಳೆಯದು, ಮೆಟ್ಟಿಲು ಪುಲ್ಲಿಯಿಂದ ಬೆಲ್ಟ್ ಬದಲಿಸಿ ವೇಗ ಹೊಂದಿಸುವಂಥದ್ದು. ಅದಕ್ಕಿದ್ದದ್ದು ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು. ಕೆಪಾಸಿಟರ್ ಪದೇ ಪದೇ ಸುಡುತ್ತಿತ್ತು. ಬಾಡಿಗೆ ಮಳಿಗೆಯಾದ್ದರಿಂದ ತ್ರೀ ಫೇಸ್ ಸಂಪರ್ಕ ಪಡೆಯುವುದು ಕಷ್ಟವಿತ್ತು. ಹೊಸ ಯಂತ್ರ ಕೊಳ್ಳುವ ಶಕ್ತಿ ಇರಲಿಲ್ಲ.

'ವಿಎಫ್‌ಡಿ ಹಾಕಿದರೆ ಸಿಂಗಲ್ ಫೇಸ್‌ನಲ್ಲೇ ತ್ರೀ ಫೇಸ್ ಮೋಟಾರು ಓಡುತ್ತೆ ಕಾಕಾ' ಎಂದು ನಾನೇ ಹುರುಪಿನಿಂದ ಹೇಳಿದೆ. ಪುಸ್ತಕದ ಪ್ರಕಾರ ಅದು ಸರಿ. ಡ್ರೈವ್ ಮನೆಯ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿ, ಆ ಡಿಸಿಯನ್ನು ಟ್ರಾನ್ಸಿಸ್ಟರ್‌ಗಳಿಂದ ಅತಿ ವೇಗವಾಗಿ ಕತ್ತರಿಸಿ, ಬೇಕಾದ ಫ್ರೀಕ್ವೆನ್ಸಿಯ ಮೂರು ಫೇಸ್ ಕೊಡುತ್ತದೆ. ಫ್ರೀಕ್ವೆನ್ಸಿ ಇಳಿಸಿದರೆ ಮೋಟಾರಿನ ವೇಗ ಇಳಿಯುತ್ತದೆ. ಸಿಂಗಲ್ ಫೇಸ್ ಮೋಟಾರಿನ ಬಲ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ, ತ್ರೀ ಫೇಸಿನಲ್ಲಿ ಸಮನಾಗಿರುತ್ತದೆ. ಕಾಕಾ ಒಪ್ಪಿದರು. ಡ್ರೈವ್‌ಗೆ ಏಳು ಸಾವಿರ ಚಿಲ್ಲರೆ ಆಯಿತು, ಒಂದು ಎಚ್‌ಪಿ ಮೋಟಾರು ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು.

ಮೊದಲ ಪಾಠ ಮೋಟಾರಿನ ನೇಮ್‌ಪ್ಲೇಟ್‌ನಲ್ಲೇ ಇತ್ತು. '415 ವೋಲ್ಟ್, ಸ್ಟಾರ್' ಎಂದು ಬರೆದಿತ್ತು. ನಮ್ಮ ಡ್ರೈವ್ ಕೊಡುವುದು ಹೆಚ್ಚೆಂದರೆ 230. ಮೋಟಾರು ವ್ಯರ್ಥವಾಯಿತೇ ಎಂದು ಗಾಬರಿಯಾಯಿತು. ಟರ್ಮಿನಲ್ ಡಬ್ಬಿ ಬಿಚ್ಚಿದಾಗ ಆರು ಬೋಲ್ಟು, ಮೂರು ಹಿತ್ತಾಳೆ ಪಟ್ಟಿಗಳು ಕಂಡವು. 415ನ್ನು 1.732ರಿಂದ ಭಾಗಿಸಿದರೆ ಸುಮಾರು 240. ಪಟ್ಟಿಗಳನ್ನು ಡೆಲ್ಟಾಕ್ಕೆ ತಿರುಗಿಸಿ ಹಾಕಿದರೆ ಅದೇ ಮೋಟಾರು 240ಕ್ಕೆ ಸರಿಹೋಗುತ್ತದೆ! ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದ 'ರೂಟ್ ತ್ರೀ' ಕೈಯಲ್ಲಿ ಸ್ಪ್ಯಾನರ್ ಹಿಡಿದ ಆ ದಿನ ಮೊದಲ ಸಲ ನನಗೆ ಅರ್ಥವಾಯಿತು.

ಎರಡನೇ ಪಾಠ ಕಲಿಸಿದ್ದು ಕಾಕಾ. 'ಇನ್ನು ಬೆಲ್ಟ್ ಬದಲಿಸೋದೇ ಬೇಡ, ನಾಬ್ ತಿರುಗಿಸಿದರೆ ಸಾಕು' ಎಂದು ಬೀಗಿದ್ದೆ. ಬೆಲ್ಟನ್ನು ಹೆಚ್ಚು ವೇಗದ ಮೆಟ್ಟಿಲಲ್ಲೇ ಬಿಟ್ಟು, ಡ್ರೈವನ್ನು 10 ಹರ್ಟ್ಜ್‌ಗೆ ಇಳಿಸಿ, ದಪ್ಪ ಶಾಫ್ಟಿಗೆ ಟೂಲ್ ಹಚ್ಚಿದೆವು. ಚಕ್ ಗಕ್ಕನೆ ನಿಂತಿತು, ಡ್ರೈವ್ ಓವರ್‌ಲೋಡ್ ತೋರಿಸಿತು. ನಾಲ್ಕಾರು ಸಲ ಪ್ರಯತ್ನಿಸುವಷ್ಟರಲ್ಲಿ ಮೋಟಾರು ಮುಟ್ಟಲಾಗದಷ್ಟು ಬಿಸಿಯಾಯಿತು. ಕಾಕಾ ಕೇಳಿದರು: 'ತಮ್ಮಾ, ವೇಗ ಇಳಿಸಿದ್ರ ಬಲ ಏರಬೇಕಲ್ಲ, ಇದ್ರಾಗ ಯಾಕ ಏರವಲ್ದು?'

ಏಳನೇ ತರಗತಿವರೆಗೆ ಓದಿದ ಕಾಕಾನ ಈ ಪ್ರಶ್ನೆ ನಮ್ಮ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. ರಾತ್ರಿ ಕೂತು ಲೆಕ್ಕ ಹಾಕಿದೆ. ಬೆಲ್ಟಿನಿಂದ ವೇಗವನ್ನು ಐದನೇ ಒಂದಕ್ಕೆ ಇಳಿಸಿದರೆ ಚಕ್‌ನಲ್ಲಿ ತಿರುಗುವ ಬಲ ಐದು ಪಟ್ಟಾಗುತ್ತದೆ. ಡ್ರೈವಿನಿಂದ ಇಳಿಸಿದರೆ ಬಲ ಹೆಚ್ಚೆಂದರೆ ಇದ್ದಷ್ಟೇ ಇರುತ್ತದೆ, ಅಶ್ವಶಕ್ತಿ ಮಾತ್ರ ಐದನೇ ಒಂದಾಗುತ್ತದೆ. ಮೋಟಾರಿನ ಫ್ಯಾನು ಅದರ ಶಾಫ್ಟಿನ ಮೇಲೇ ಇರುವುದರಿಂದ ಗಾಳಿಯೂ ಕಡಿಮೆಯಾಗಿ ಬಿಸಿ ಏರುತ್ತದೆ. ಹಾಗಾಗಿ ಭಾರೀ ಕೆಲಸಕ್ಕೆ ಬೆಲ್ಟು, ಬ್ಯಾಕ್ ಗೇರು. ನಯವಾದ ಹೊಂದಾಣಿಕೆಗೆ ಡ್ರೈವು, ಅದೂ 25ರಿಂದ 50 ಹರ್ಟ್ಜ್ ಒಳಗೆ ಎಂದು ನಿಗದಿ ಮಾಡಿದೆವು. ಅಂದಿನಿಂದ ಲೇತ್ ತಕರಾರಿಲ್ಲದೆ ಓಡುತ್ತಿದೆ. 'ಫಿನಿಶಿಂಗ್ ಚಲೋ ಬರಾಕತ್ತೈತಿ' ಎಂದು ಕಾಕಾ ಗಿರಾಕಿಗಳಿಗೆ ಹೇಳುವುದನ್ನು ಕೇಳಿದಾಗ ಆದ ಖುಷಿ ಯಾವ ಸೆಮಿಸ್ಟರ್ ಫಲಿತಾಂಶದಲ್ಲೂ ಆಗಿರಲಿಲ್ಲ.

ಹಾಗಾಗಿಯೇ ನನ್ನ ವಾದ ಇಷ್ಟು: ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾವು ಸುರಿಯುವ ಹಣ ನಮ್ಮ ಊರಿನ ಇಂಥ ಅಂಗಡಿಗಳ ಯಂತ್ರಕ್ಕೆ ಹೋಗಲಿ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದ ನಾಡು ನಮ್ಮದು. ಹಳೆಯ ಲೇತ್ ನಮ್ಮಲ್ಲಿ ಹುಡುಕಿದರೆ ಸಿಗುತ್ತದೆ. ಬೆಡ್, ಸ್ಪಿಂಡಲ್ ಗಟ್ಟಿಯಿದ್ದರೆ ಹೊಸ ಮೋಟಾರು, ಡ್ರೈವ್ ಹಾಕಿ ಅದನ್ನು ಮತ್ತೆ ದುಡಿಸಬಹುದು. ನಾವು ಕೊಂಡು ತಂದ ಮಾಡೆಲ್‌ಗಳಾದರೋ ವೈವಾ ಮುಗಿದ ಮೇಲೆ ಲ್ಯಾಬಿನ ಕಪಾಟಿನಲ್ಲಿ ದೂಳು ತಿನ್ನುತ್ತವೆ.

'ಇಂಥ ಹಳೇ ವಿಷಯಕ್ಕೆ ಅಂಕ ಕೊಡುವುದಿಲ್ಲ, ಎಐ, ಐಒಟಿ ಅಂತ ಹೆಸರಿರಬೇಕು' ಎನ್ನುತ್ತಾರೆ ಗೆಳೆಯರು. ಹೆಸರೇ ಬೇಕಿದ್ದರೆ ಮೋಟಾರಿನ ಕರೆಂಟ್, ಬಿಸಿ ಅಳೆದು ಮೊಬೈಲಿಗೆ ಕಳಿಸುವ ವ್ಯವಸ್ಥೆಯನ್ನೂ ಸೇರಿಸಬಹುದು. ಕಾಲೇಜುಗಳು ವರದಿಯ ದಪ್ಪ ನೋಡುವ ಬದಲು, ಯಂತ್ರ ಆರು ತಿಂಗಳು ಓಡಿತೇ ಎಂದು ಅಂಗಡಿಯವರನ್ನು ಕೇಳಿ ಅಂಕ ಕೊಡಲಿ.

'ವಿದ್ಯಾರ್ಥಿಗಳು ಕರೆಂಟಿಗೆ ಕೈ ಹಾಕುವುದು ಅಪಾಯ' ಎಂಬ ಆಕ್ಷೇಪಕ್ಕೆ ತೂಕವಿದೆ. ನಾವೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಅರ್ಥಿಂಗ್, ವೈರಿಂಗ್ ನೋಡಿದ ಮೇಲೆಯೇ ಸ್ವಿಚ್ ಹಾಕಿದ್ದು. ಮೇನ್ ಆಫ್ ಮಾಡಿದ ಮೇಲೂ ಡ್ರೈವಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಕೈಪಿಡಿ ಹೇಳಿದಷ್ಟು ನಿಮಿಷ ಕಾಯಲೇಬೇಕು. ಡ್ರೈವಿಗೂ ಮೋಟಾರಿಗೂ ನಡುವೆ ಹಳೆಯ ಸ್ವಿಚ್ ಉಳಿಸಬಾರದು. ಥ್ರೆಡ್ ಮೇಲೆ ಕೂರುವ ಚಕ್ ಇದ್ದರೆ ಗಕ್ಕನೆ ಬ್ರೇಕ್ ಹಾಕಿದಾಗ ಅದು ಬಿಚ್ಚಿಕೊಂಡು ಹಾರಬಹುದು, ಆದ್ದರಿಂದ ನಿಧಾನವಾಗಿ ನಿಲ್ಲುವಂತೆ ಡ್ರೈವ್ ಹೊಂದಿಸಬೇಕು. ಹೋದ ಕರೆಂಟ್ ಮರಳಿದಾಗ ಯಂತ್ರ ತಾನಾಗಿಯೇ ಶುರುವಾಗಬಾರದು. ಈ ಎಚ್ಚರಗಳನ್ನು ಕಲಿಯದೆ ಎಂಜಿನಿಯರ್ ಆಗುವುದು ಇನ್ನೂ ದೊಡ್ಡ ಅಪಾಯವಲ್ಲವೇ?

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಇದೇ ಮಾತು. ಕಾಗದದ ಗಿರಣಿ, ಸಕ್ಕರೆ ಕಾರ್ಖಾನೆ, ಲಿಫ್ಟು, ನೀರಿನ ಪಂಪು ಎಲ್ಲೆಡೆ ಈಗ ಈ ಡ್ರೈವ್‌ಗಳಿವೆ. ಒಂದನ್ನು ಕೈಯಾರೆ ಜೋಡಿಸಿ, ತಪ್ಪು ಮಾಡಿ, ತಿದ್ದಿದವರು ಸಂದರ್ಶನದಲ್ಲಿ ಬಾಯಿಪಾಠ ಒಪ್ಪಿಸಬೇಕಾಗಿಲ್ಲ.

ಕಾಕಾನ ಪಕ್ಕದ ಅಂಗಡಿಯವರು ಮೊನ್ನೆ ಬಂದು, 'ನಮ್ಮ ಡ್ರಿಲ್ಲಿಂಗ್ ಮಷೀನ್‌ಗೂ ಹಿಂಗ ಮಾಡಿಕೊಡ್ತೀಯೇನೋ?' ಎಂದು ಕೇಳಿದ್ದಾರೆ. ನಮ್ಮ ತಂಡದ ಪ್ರಾಜೆಕ್ಟ್ ನಿಗದಿಯಾಯಿತು. ನಿಮ್ಮೂರಿನಲ್ಲೂ ಒಂದು ಅಂಗಡಿ ಇದ್ದೇ ಇರುತ್ತದೆ, ಈ ರಜೆಯಲ್ಲಿ ಹೋಗಿ ಕೇಳಿ ನೋಡಿ.