ನಡುಗುವ ಕಾಲಿಗೆ ನಿಧಾನದ ನಡೆ

ಸೋದರಿಯರೇ, ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹಿರಿಯರಿದ್ದರೆ ನಿಮಗೆ ಗೊತ್ತೇ ಇರುತ್ತೆ: ಕೈ ನಡುಕಕ್ಕಿಂತ ಹೆಚ್ಚು ಹೆದರಿಸೋದು ಬಚ್ಚಲಿಗೆ ಹೋಗುವಾಗ ಎಲ್ಲಿ ಬಿದ್ದುಬಿಡ್ತಾರೋ ಅನ್ನೋದು. ಅಮೆರಿಕದ ಆರೆಗಾನ್‌ನಲ್ಲಿ ಇಂಥ 195 ಮಂದಿಯನ್ನು ಮೂರು ಗುಂಪು ಮಾಡಿ ನೋಡಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚೀನಾದ ತಾಯ್ ಚಿ, ಇನ್ನೊಂದಕ್ಕೆ ಭಾರದ ವ್ಯಾಯಾಮ, ಮತ್ತೊಂದಕ್ಕೆ ಬರೀ ಮೈ ಚಾಚೋದು. ವಾರಕ್ಕೆರಡು ಸಲ, ಒಂದೊಂದು ಗಂಟೆ, 24 ವಾರ. ಮೈ ಚಾಚಿದವರಿಗಿಂತ ತಾಯ್ ಚಿಯವರು ಬಿದ್ದದ್ದು ಕಡಿಮೆ. ಅದರಲ್ಲೇನಿದೆ ಅಂತೀರಾ? ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ, ಗಮನವಿಟ್ಟು ದಾಟಿಸೋದು, ಅಷ್ಟೇ! ಕಾಯಿಲೆ ಇದರಿಂದ ವಾಸಿಯಾಗೋಲ್ಲ, ಮಾತ್ರೆ ಬಿಡಿಸಬೇಡಿ. ಕಲಿಸುವವರು ಸಿಕ್ಕರೆ ವೈದ್ಯರನ್ನು ಕೇಳಿ ಸೇರಿಸಿ. ಮಾಡುವಾಗ ನೀವು ಪಕ್ಕದಲ್ಲೇ ಇರಿ. ಅಲುಗಾಡದ ಕುರ್ಚಿಯೊಂದು ಕೈಗೆಟಕುವಂತಿರಲಿ.