ಮಾತು ನಿಂತವರಿಗೆ ಒಂದು ಅಕ್ಷರದ ಹಲಗೆ

ದೇಹದ ಬೇನೆಯನ್ನು ವರ್ಷಗಟ್ಟಲೆ ತಾಳಿಕೊಂಡವರೂ ಮಾತು ನಿಂತಾಗ ಸೋತುಹೋಗುವುದುಂಟು. ಪಾರ್ಶ್ವವಾಯು, ನರಗಳನ್ನು ಮೆಲ್ಲಮೆಲ್ಲನೆ ಸೊರಗಿಸುವ ವ್ಯಾಧಿ, ಗಂಟಲಿನ ಅರ್ಬುದ ಇವು ನಾಲಗೆಯನ್ನು ಕಟ್ಟಿಹಾಕಬಲ್ಲವು. ಅನೇಕ ವೇಳೆ ಬುದ್ಧಿಯನ್ನು ಮುಟ್ಟಲಾರವು. ಮನೆಯವರು ಇವೆರಡನ್ನೂ ಒಂದೇ ಎಂದು ಬಗೆದರೆ ರೋಗಿಗೆ ಎರಡನೆಯ ರೋಗ ತಗಲಿದಂತೆ. ಆತನ ಹೊಲದ, ಮದ್ದಿನ, ಮಗಳ ಮದುವೆಯ ಮಾತು ಆತನ ಎದುರಿಗೇ ನಡೆಯುತ್ತದೆ, ಆತನನ್ನು ಕೇಳುವವರಿಲ್ಲ.

ವಿಜ್ಞಾನಿ ಸ್ಟೀಫನ್ ಹಾಕಿಂಗ್ 1985ರಲ್ಲಿ ದನಿ ಕಳೆದುಕೊಂಡರು. ಗಣಕಯಂತ್ರ ಬರುವ ಮುನ್ನ ಅವರಿಗೆ ಒದಗಿದ್ದು ಒಂದು ಅಕ್ಷರಪಟ್ಟಿ. ಬೇಕಾದ ಅಕ್ಷರವನ್ನು ಮತ್ತೊಬ್ಬರು ತೋರಿಸಿದಾಗ ಅವರು ಹುಬ್ಬೇರಿಸುತ್ತಿದ್ದರು. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್-ದೊಮಿನಿಕ್ ಬೋಬಿ 1995ರ ಆಘಾತದ ತರುವಾಯ ಎಡಗಣ್ಣಿನ ರೆಪ್ಪೆಯೊಂದರಿಂದಲೇ ಒಂದು ಪುಸ್ತಕವನ್ನು ಬರೆಯಿಸಿದರು. ಅದು 1997ರಲ್ಲಿ ಪ್ರಕಟವಾಯಿತು. ಹೆಚ್ಚು ಬಳಕೆಯ ಅಕ್ಷರಗಳು ಮೊದಲು ಬರುವಂತೆ ಅವರ ಪಟ್ಟಿಯನ್ನು ಜೋಡಿಸಲಾಗಿತ್ತು.

ಕನ್ನಡಿಗರಿಗೆ ಈ ಜೋಡಣೆಯ ಅರ್ಧ ಕೆಲಸವನ್ನು ಪ್ರಾಚೀನ ವೈಯಾಕರಣರೇ ಮಾಡಿಟ್ಟಿದ್ದಾರೆ. ನಮ್ಮ ವರ್ಗೀಯ ವ್ಯಂಜನಗಳು ಐದು ಸಾಲು, ಐದು ಮನೆ. ಅವರ್ಗೀಯಗಳಿಗೆ ಇನ್ನೆರಡು ಸಾಲು ಸಾಕು. ರೋಗಿಗೆ 'ನೀರು' ಎನ್ನಬೇಕಾಗಿದೆ ಎನ್ನೋಣ. ಕಕಾರದಿಂದ ಒಂದೊಂದಾಗಿ ಕೇಳುತ್ತ ಹೋದರೆ ನಕಾರ ಸಿಗುವುದು 20ನೆಯ ಪ್ರಶ್ನೆಗೆ. ಮೊದಲು ಸಾಲನ್ನು ಕೇಳಿ, ಆಮೇಲೆ ಅಕ್ಷರವನ್ನು ಕೇಳಿದರೆ ಒಂಬತ್ತಕ್ಕೇ ಸಿಗುತ್ತದೆ. ಮನೆಮಾತಿನಲ್ಲಿ ವಿರಳವಾದ ಮಹಾಪ್ರಾಣಗಳನ್ನು ಬದಿಗಿಟ್ಟರೆ ಏಳೇ ಸಾಕು. ಸ್ವರವನ್ನೂ ಹೀಗೆಯೇ ಕೇಳಬಹುದು. ಬಹಳ ಸಲ ಕೇಳುವವರೇ ಊಹಿಸಿಯಾರು. ಒಂದು ರಟ್ಟು, ಒಂದಿಷ್ಟು ಮಸಿ, ಇಷ್ಟೇ ಇದರ ವೆಚ್ಚ.

ಮಾತು-ಶ್ರವಣಗಳ ಶಾಸ್ತ್ರಕ್ಕಾಗಿ ಮೈಸೂರಿನಲ್ಲಿ 1965ರಲ್ಲೇ ಅಖಿಲ ಭಾರತ ಸಂಸ್ಥೆ ಸ್ಥಾಪಿತವಾಯಿತು. ತಜ್ಞರ ಸಲಹೆ ಅವಶ್ಯವೇ ಸರಿ. ಆದರೆ ಕೊಪ್ಪಳ ಜಿಲ್ಲೆಯ ನವಲಿಯಂಥ ಊರಿನಿಂದ ಮೈಸೂರು ಬಲು ದೂರ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದ್ದರಿಂದ ಸಮತೋಲನ ಜಲಾಶಯದ ಯೋಜನೆಯ ಮೂಲಕ ನಾಡಿಗೆ ಪರಿಚಿತವಾದ ಹೆಸರು ಅದು. ಅಲ್ಲಿಯ ರೈತನೊಬ್ಬ ಹಾಸಿಗೆ ಹಿಡಿದರೆ ಅವನ ಹಲಗೆಯ ಮೇಲೆ 'ಬೇಡ' ಎಂದಲ್ಲ, 'ಬ್ಯಾಡ' ಎಂದಿರಬೇಕು. 'ನೋವು', 'ನೀರು' ಎಂಬವುಗಳ ಜೊತೆಗೆ 'ಹೊಲಕ್ಕ ನೀರು ಬಂತೇನು?' ಎಂಬುದೂ ಇರಬೇಕು. ಹೆಚ್ಚು ಇಂಪಾದ ದನಿಗಳು ದೊರೆತ ಮೇಲೂ ಹಾಕಿಂಗ್ ತಮ್ಮ ಹಳೆಯ ಯಂತ್ರದನಿಯನ್ನು ಬಿಡಲಿಲ್ಲ. ಅದು ತಮ್ಮದೆಂದು ಅವರು ಭಾವಿಸಿದ್ದರು. ಮಾತು ಎಂಬುದು ಬೇಡಿಕೆಗಳ ಪಟ್ಟಿಯಷ್ಟೇ ಅಲ್ಲ. ಒಲ್ಲೆನೆನ್ನುವುದಕ್ಕೆ, ಸಿಟ್ಟಾಗುವುದಕ್ಕೆ, ನಗಿಸುವುದಕ್ಕೆ ಆಸ್ಪದವಿಲ್ಲದ ಸಾಧನವು ರೋಗಿಯ ಹೊಟ್ಟೆಯನ್ನು ಬಲ್ಲುದು, ಮನಸ್ಸನ್ನು ಅರಿಯದು.

ಎಲ್ಲರಿಗೂ ಅಕ್ಷರ ಒದಗದೆಂಬುದೂ ನಿಜ. ಕೆಲವರಲ್ಲಿ ಪಾರ್ಶ್ವವಾಯು ಪದಗಳನ್ನೇ ಅಳಿಸುತ್ತದೆ. ಕೆಲವರು ಓದು ಕಲಿತವರೇ ಅಲ್ಲ. ಅಂಥವರಿಗೆ ಮನೆಮಂದಿಯ ಭಾವಚಿತ್ರ, ತಟ್ಟೆ, ಹಾಸಿಗೆ, ದನಕರುಗಳ ಚಿತ್ರಗಳು ಬೇಕು. ಯಾವುದನ್ನು ಮಾಡಿದರೂ ರೋಗಿಯನ್ನು ಕೇಳಿ ಮಾಡತಕ್ಕದ್ದು. ಮಾಡಿದ ಮೇಲೆ ಆತನ ಕೈಗೋ ಕಣ್ಣಿಗೋ ನಿಲುಕುವಲ್ಲಿ ಇಡತಕ್ಕದ್ದು.

ನಮ್ಮ ಉಪಾಧ್ಯಾಯರು ವರ್ಣಮಾಲೆಯನ್ನು ಕಲಿಸುವಾಗ ಮಕ್ಕಳಿಂದ ಇಂಥ ಹಲಗೆಯೊಂದನ್ನು ಮಾಡಿಸಬಾರದೇಕೆ? ಕಣ್ಣಿನ ಸನ್ನೆಯಿಂದಲೇ ಒಬ್ಬನು ಹೇಳಲಿ, ಇನ್ನೊಬ್ಬನು ಬರೆದುಕೊಳ್ಳಲಿ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅಕ್ಷರಗಳ ಬೆಲೆಯೂ, ಕಾಯುವವನ ಸಹನೆಯ ಬೆಲೆಯೂ ಅವರಿಗೆ ತಿಳಿದೀತು. ಹಲಗೆಯನ್ನು ಒಂದು ಗಂಟೆಯಲ್ಲಿ ಮಾಡಬಹುದು. ವಾಕ್ಯ ಪೂರ್ಣವಾಗುವ ತನಕ ಹಾಸಿಗೆಯ ಬಳಿ ಕುಳಿತಿರುವ ಮನುಷ್ಯನನ್ನು ಮಾತ್ರ ಪ್ರತಿಯೊಂದು ಮನೆಯೂ ತಾನೇ ಒದಗಿಸಬೇಕು.