ಓರೆ ಅಕ್ಷರದ ಒಡೆಯ ಯಾರು?

1501ರಲ್ಲಿ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಟಿಯಸ್ ವರ್ಜಿಲನ ಕಾವ್ಯಗಳನ್ನು ಅಂಗೈಗೆ ಒಗ್ಗುವ ಗಾತ್ರದಲ್ಲಿ ಅಚ್ಚು ಹಾಕಿದ. ಪುಸ್ತಕವಿಡೀ ಬಲಕ್ಕೆ ತುಸು ವಾಲಿದ ಹೊಸ ಅಕ್ಷರದಲ್ಲಿತ್ತು. ಇಂದು ಇಟಾಲಿಕ್ ಎನ್ನುವ ಅಕ್ಷರ ಪೂರ್ಣ ಪಠ್ಯವಾಗಿ ಬಳಕೆಯಾದದ್ದು ಅಲ್ಲಿಯೇ ಮೊದಲು. ಅದರ ಅಚ್ಚುಗಳನ್ನು ಉಕ್ಕಿನಲ್ಲಿ ಕೊರೆದವನು ಬೊಲೋನಾದ ಕುಶಲಕರ್ಮಿ ಫ್ರಾಂಚೆಸ್ಕೊ ಗ್ರಿಫೊ.

ಅಂದಿನ ವಿದ್ವಾಂಸರ ಓಡುಬರಹವೇ ಅವನಿಗೆ ಮಾದರಿ. ದೊಡ್ಡಕ್ಷರಗಳು ಗಿಡ್ಡವಾಗಿ ನೆಟ್ಟಗೆ ನಿಂತಿದ್ದರೆ, ಸಣ್ಣಕ್ಷರಗಳು ಮಾತ್ರ ವಾಲುತ್ತವೆ. ಕೆಲವು ಒಂದಕ್ಕೊಂದು ಕೈ ಜೋಡಿಸುತ್ತವೆ. ಲೇಖನಿ ಕಾಗದವನ್ನು ಮುಟ್ಟುವ, ಬಿಟ್ಟೇಳುವ ಕ್ಷಣದ ಚುಂಚೇ ಇಲ್ಲಿನ ಸೆರಿಫ್. ಗಣಕದ ಗುಂಡಿಯೊತ್ತಿ ಕನ್ನಡ ಅಕ್ಷರವನ್ನು ಓರೆ ಮಾಡಿದಾಗ ಆಗುವುದು ಇದಲ್ಲ. ಅಲ್ಲಿ ನಿಂತ ಅಕ್ಷರವನ್ನೇ ಪಕ್ಕಕ್ಕೆ ತಳ್ಳಲಾಗುತ್ತದೆ, ಅಷ್ಟೆ.

ಆಲ್ಡಸ್ ಕೃತಘ್ನನಾಗಿರಲಿಲ್ಲ. ವರ್ಜಿಲನ ಆವೃತ್ತಿಯಲ್ಲೇ ಗ್ರಿಫೊನ ಕೈಚಳಕವನ್ನು ಪದ್ಯದಲ್ಲಿ ಹೊಗಳಿದ. ಆದರೆ 1502ರಲ್ಲಿ ವೆನಿಸ್ಸಿನ ಸೆನೆಟ್ ಈ ಅಕ್ಷರದ ಏಕಸ್ವಾಮ್ಯವನ್ನು ಕೊಟ್ಟದ್ದು ಆಲ್ಡಸ್‌ಗೆ. ಹೊಗಳಿಕೆ ಕೊರೆದವನಿಗೆ, ಹಕ್ಕು ಬಂಡವಾಳ ಹೂಡಿದವನಿಗೆ. ಕೊರೆದವನು ತನ್ನದೇ ಅಕ್ಷರವನ್ನು ಆ ಗಣರಾಜ್ಯದೊಳಗೆ ಬೇರೊಬ್ಬ ಮುದ್ರಕನಿಗೆ ಕೊರೆದುಕೊಡುವಂತಿರಲಿಲ್ಲ. ಗ್ರಿಫೊ ಗಡಿ ದಾಟಿ ಫಾನೊಗೆ ಹೋದ. 1503ರಲ್ಲಿ ಅಲ್ಲಿ ಪೆಟ್ರಾರ್ಕನ ಕೃತಿಯನ್ನು ಮುದ್ರಿಸಿದ ಗೆರ್ಶೋಮ್ ಸೊಂಚಿನೊ, ಈ ಅಕ್ಷರದ ನಿಜವಾದ ಜನಕ ಗ್ರಿಫೊ ಎಂದು ಅರ್ಪಣೆಯಲ್ಲಿಯೇ ಸಾರಿದ. ಲಿಯೋನಿನ ನಕಲುಗಾರರನ್ನಂತೂ ವೆನಿಸ್ಸಿನ ಆಜ್ಞೆ ತಡೆಯಲಿಲ್ಲ. ಅವರ ಅಚ್ಚುತಪ್ಪುಗಳನ್ನು ಆಲ್ಡಸ್ ಪಟ್ಟಿ ಮಾಡಿ ಪ್ರಕಟಿಸಿದರೆ, ಅವರು ಅದನ್ನೇ ನೋಡಿ ತಿದ್ದಿಕೊಂಡರು!

ಬೇ ಏರಿಯಾದಲ್ಲೋ ಸಿಂಗಪುರದಲ್ಲೋ ಕೆಲಸಕ್ಕೆ ಸೇರುವ ದಿನ ಕನ್ನಡದ ಎಂಜಿನಿಯರು ರುಜು ಹಾಕುವ ಒಪ್ಪಂದಪತ್ರ ಈ ಕತೆಗೆ ದೂರದ್ದಲ್ಲ. ಪೇಟೆಂಟಿನಲ್ಲಿ ಅವರ ಹೆಸರು ಶೋಧಕರೆಂದು ಇರುತ್ತದೆ, ಒಡೆತನ ಕಂಪನಿಯದು. ಇದಕ್ಕೆ ಸಂಬಳ ಸಿಕ್ಕಿದೆಯಲ್ಲ ಎಂಬ ಸಮಾಧಾನವಿದೆ. ಸಂಬಳ ದುಡಿಮೆಗೆ ಸಲ್ಲಬೇಕಾದದ್ದು ನಿಜ, ಆದರೆ ಕಲಿತ ಕೈಯನ್ನೇ ಕಟ್ಟಿಹಾಕಲು ಅದು ಬೆಲೆಯಾಗಬಾರದು. ಕೆಲಸ ಬಿಟ್ಟವರು ತಮ್ಮ ಕಸುಬನ್ನು ಜೊತೆಗೊಯ್ಯುವ ಹಕ್ಕನ್ನು ವಲಸಿಗರ ಸಂಘಟನೆಗಳು ಗಟ್ಟಿಯಾಗಿ ಕೇಳಬೇಕಿದೆ. ಮಾಲೀಕರ ಅರ್ಜಿಗೆ ವೀಸಾ ತಗುಲಿಕೊಂಡಿರುವವರಿಗೆ ಫಾನೊದಂಥ ಊರು ಸುಲಭಕ್ಕೆ ಸಿಗದು.

ಮುಂದೆ ಇಟಾಲಿಕ್ ನೆಟ್ಟಗಿನ ಅಕ್ಷರದ ಜೊತೆಗಾತಿಯಾಗಿ, ಗ್ರಂಥದ ಹೆಸರಿಗೆ, ಒತ್ತು ಬೇಕಾದ ಮಾತಿಗೆ, ಪರಭಾಷೆಯ ಪದಕ್ಕೆ ಮೀಸಲಾಯಿತು. ಗ್ರಿಫೊ ಕೊರೆದ ಒಂದು ನೆಟ್ಟಗಿನ ಅಕ್ಷರವನ್ನು 1929ರಲ್ಲಿ ಮಾನೋಟೈಪ್ ಕಂಪನಿ ಮತ್ತೆ ಹೊರತಂದಾಗ ಅದಕ್ಕೆ ಸಿಕ್ಕ ಹೆಸರು ಬೆಂಬೊ, ಆ ಅಕ್ಷರದಲ್ಲಿ ಮೊದಲು ಅಚ್ಚಾದ ಪುಸ್ತಕದ ಲೇಖಕನದು. ಪೇಜ್‌ಮೇಕರ್ ತಂತ್ರಾಂಶ ತಂದ ಕಂಪನಿ ಆಲ್ಡಸನ ಹೆಸರಿಟ್ಟುಕೊಂಡಿತು.

ಆಲ್ಡಸ್ 1515ರಲ್ಲಿ ತೀರಿಕೊಂಡ. ಮರುವರ್ಷ ಗ್ರಿಫೊ ಬೊಲೋನಾದಲ್ಲಿ, ತಾನೇ ಕೊರೆದ ಇನ್ನೊಂದು ಇಟಾಲಿಕ್‌ನಲ್ಲಿ, ತನ್ನದೇ ಹೆಸರು ಹೊತ್ತ ಪುಟಾಣಿ ಪುಸ್ತಕಗಳನ್ನು ಅಚ್ಚು ಹಾಕತೊಡಗಿದ.